ಕಪ್ಪು ನೀರಿನ ರಂಗ

ಆಗೆಲ್ಲ ನಮ್ಮ ಕಾಲ ಕೆಳಗಿನ ನೆಲವೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮಾತಿನ ಚೆಂದಕ್ಕೆ ಹೇಳುತ್ತಿಲ್ಲ. ಮನೆಯಿಂದ ಅರ್ಧ ಗಂಟೆ ದೋಣಿಯಲ್ಲಿ ಹೋಗಿ, ಹುಲ್ಲು ಬೆಳೆದ ಒಂದು ಜಾಗದಲ್ಲಿ ಇಳಿದು ಕುಪ್ಪಳಿಸಿದರೆ, ಹತ್ತು ಮಾರು ಆಚೆಗಿನ ಪೊದೆ ತಲೆದೂಗುತ್ತಿತ್ತು. ನಿಮ್ಮಲ್ಲಿ ಹಲವರ ಬಾಲ್ಯದಲ್ಲಿ ಒಂದು ಕೆರೆಯೋ ಹೊಳೆಯೋ, ಏನೂ ಇಲ್ಲದಿದ್ದರೆ ಹಿತ್ತಲಲ್ಲೊಂದು ನೀರಿನ ತೊಟ್ಟಿಯಾದರೂ ಇದ್ದೀತು. ನನ್ನ ಬಾಲ್ಯದಲ್ಲಿ ಇದ್ದದ್ದು ಒಂದು ಜೌಗು. ಅಮೆರಿಕದ ದಕ್ಷಿಣದಲ್ಲಿ, ಜಾರ್ಜಿಯಾ ರಾಜ್ಯದ ಕೆಳತುದಿಯಲ್ಲಿ, ಕಣ್ಣು ಹರಿಯುವಷ್ಟು ದೂರ ಹಬ್ಬಿದ ಓಕೆಫೆನೋಕಿ ಎಂಬ ಜೌಗು. ಈಗ ಅದೇ ದೇಶದ ಪಶ್ಚಿಮ ಕರಾವಳಿಯ ಸಾಂಟಾ ಕ್ಲಾರಾದ ನನ್ನ ಅಡುಗೆಮನೆಯಲ್ಲಿ ಬೆಳಗಾಗೆದ್ದು ಫಿಲ್ಟರಿನ ಮುಚ್ಚಳ ತೆಗೆದು ನೋಡುವಾಗ, ಕೆಳಗೆ ಇಳಿದಿರುವ ಡಿಕಾಕ್ಷನ್ನಿನಲ್ಲಿ ಆ ನೀರೇ ಕಾಣುತ್ತದೆ. ಬೊಗಸೆಯಲ್ಲಿ ಹಿಡಿದರೆ ಚಹಾದ ಬಣ್ಣ, ಕಾಲುವೆಯಲ್ಲಿ ನಿಂತಾಗ ಕಡುಗಪ್ಪು. ಕೊಳಕಲ್ಲ. ಎಷ್ಟೋ ಕಾಲದಿಂದ ಉದುರಿದ ಎಲೆ, ತೊಗಟೆಗಳು ನೆನೆದು ನೆನೆದು ಬಿಟ್ಟ ಬಣ್ಣ. ಆ ನೀರಿನಲ್ಲಿ ಮುಖ ನೋಡಿಕೊಂಡು ನಾನು ಜಡೆ ಹಾಕಿಕೊಂಡದ್ದುಂಟು.

ನನಗಾಗ ಹತ್ತು ವರ್ಷ. ಅಪ್ಪ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಇದ್ದವರು, ಆ ಜೌಗಿನ ಹತ್ತಿರ ಪೈನ್ ಮರದ ತಿರುಳಿನಿಂದ ಕಾಗದ ಮಾಡುವ ಒಂದು ಮಿಲ್ಲಿಗೆ ಕೆಮಿಸ್ಟ್ ಆಗಿ ಬಂದಿದ್ದರು. ಸಂಜೆ ಅವರು ಬಾಗಿಲು ತೆಗೆದರೆ ಮೊದಲು ಒಳಗೆ ಬರುತ್ತಿದ್ದದ್ದು ವಾಸನೆ, ಎಲೆಕೋಸು ಹೆಚ್ಚು ಬೆಂದ ವಾಸನೆ. ಕಾಂಟ್ರ್ಯಾಕ್ಟು ಒಂದೊಂದೇ ವರ್ಷದ್ದು. ಹಾಗಾಗಿ ಅಮ್ಮ ಅರ್ಧ ಪಾತ್ರೆಗಳನ್ನು ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ. "ತೆಗೆದು ಜೋಡಿಸೋ ಹೊತ್ತಿಗೆ ಮತ್ತೆ ಕಟ್ಬೇಕಾಗುತ್ತೆ" ಎನ್ನುತ್ತಿದ್ದಳು. ಆ ವರ್ಷ ಜೋಡಿಸುವ ಹಾಗೂ ಇರಲಿಲ್ಲ. ಹೊಟ್ಟೆಯಲ್ಲಿ ನನ್ನ ತಮ್ಮನಿದ್ದ, ಏನೋ ತೊಂದರೆಯೆಂದು ಡಾಕ್ಟರು ಅವಳಿಗೆ ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು. ಬಾಣಂತನಕ್ಕೆಂದು ಏಪ್ರಿಲ್ಲಿನಲ್ಲಿ ಮಂಡ್ಯದ ಕಡೆಯ ಹಳ್ಳಿಯಿಂದ ಅಮ್ಮನ ಅಮ್ಮ, ನನ್ನ ಅಜ್ಜಿ, ಬಂದಳು. ಒಂದು ಸೂಟ್‌ಕೇಸಿನ ತುಂಬ ರಾಗಿ ಹಿಟ್ಟು, ಹರಳೆಣ್ಣೆ, ಬಾಣಂತಿ ಖಾರ. ಸೀರೆಯ ಮಡಿಕೆಗಳ ನಡುವೆ ಒಂದು ಹಿತ್ತಾಳೆ ಚೊಂಬು.

ಬಂದ ವಾರದಲ್ಲೇ ಅಜ್ಜಿಯ ಚಡಪಡಿಕೆ ಶುರುವಾಯಿತು. ಮುಂಬಾಗಿಲಿನಿಂದ ಹಿಂಬಾಗಿಲಿಗೆ, ಹಿಂಬಾಗಿಲಿನಿಂದ ಮುಂಬಾಗಿಲಿಗೆ. ಕೆಲಸ ಮುಗಿದಿದ್ದರೂ ಸೆರಗು ಸಿಕ್ಕಿಸಿಕೊಂಡೇ ಇರುತ್ತಿದ್ದಳು. ಟೀವಿ ಹಾಕಿಕೊಟ್ಟರೆ ಎರಡು ನಿಮಿಷ ನೋಡಿ ಎದ್ದು ಹೋಗುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಊಟ ಸೇರುತ್ತಿರಲಿಲ್ಲ. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಅಜ್ಜಿಗೆ ಒಂದು ರೂಢಿ. ತಾನು ಉಣ್ಣುವ ಮೊದಲು ಒಂದು ತುತ್ತು ತೆಗೆದು ಹೊರಗಿನ ಜೀವಕ್ಕೆ ಇಡಬೇಕು, ಅದು ತಿಂದದ್ದನ್ನು ಕಣ್ಣಿಂದ ನೋಡಬೇಕು, ಆಮೇಲೆ ತಟ್ಟೆಯ ಮುಂದೆ ಕೂರಬೇಕು. ಊರಲ್ಲಿ ಅದಕ್ಕೆ ಕಾಗೆ ಇತ್ತು, ಹಟ್ಟಿಯ ನಾಯಿ ಇತ್ತು, ಪಕ್ಕದ ಮನೆಯ ಕರುವಿತ್ತು. ಇಲ್ಲಿ ಹಿಂದಿನ ಮೆಟ್ಟಿಲ ಕಟಾಂಜನದ ಮೇಲೆ ಅನ್ನ ಇಟ್ಟು, ಚೊಂಬಿಗೆ ಸೌಟು ಬಡಿದು "ಬಾ, ಬಾ" ಎಂದು ಕರೆದರೆ ಕಾಗೆಗಳು ಇನ್ನೂ ಮೇಲಿನ ಕೊಂಬೆಗೆ ಹೋಗಿ ಕೂರುತ್ತಿದ್ದವು.

"ಇದೆಂಥ ಊರವ್ವ, ಕಾಗೆಗೂ ಹಸಿವಿಲ್ವಲ್ಲ" ಎನ್ನುತ್ತಿದ್ದಳು. ಕಾದು ಕಾದು ಅನ್ನ ಒಣಗುತ್ತಿತ್ತು. ಆಮೇಲೆ ಕಾಟಾಚಾರಕ್ಕೆ ನಾಲ್ಕು ತುತ್ತು ತಿಂದು ತಟ್ಟೆ ಎತ್ತುತ್ತಿದ್ದಳು. ಒಂದು ದಿನ ಅಮ್ಮನ ಮಂಚದ ಪಕ್ಕ ನಿಂತು, "ಮಗು ಹುಟ್ಟಿದ್ ಕೂಡ್ಲೆ ನನ್ನ ಕಳಿಸ್ಬುಡವ್ವ. ಇಲ್ಲಿ ನನ್ ಕೈಲಿ ಆಗಕಿಲ್ಲ" ಎಂದದ್ದು ನನ್ನ ಕಿವಿಗೆ ಬಿತ್ತು.

ನನಗೆ ಎರಡು ವರ್ಷದಲ್ಲಿ ಮೂರು ಸ್ಕೂಲು ಬದಲಾಗಿದ್ದವು, ಸ್ನೇಹಿತೆಯರು ಯಾರೂ ಉಳಿದಿರಲಿಲ್ಲ. ಅಮ್ಮ ಮಲಗಿಯೇ ಇರುತ್ತಿದ್ದಳು. ಅಜ್ಜಿ ಬಂದ ಮೇಲೆ ನನಗೆ ತಲೆಗೆ ಎಣ್ಣೆ ಇಡುವವರು, ಅಳಗುಳಿಮಣೆ ಆಡುವವರು, ನಾನು ಹೇಳಿದ್ದಕ್ಕೆಲ್ಲ "ಆಮೇಕೆ?" ಎಂದು ಕೇಳುವವರು ಇದ್ದರು. ಅವಳು ಹೋಗಬಾರದು ಅನ್ನುವುದೊಂದೇ ಆ ವರ್ಷ ನನಗಿದ್ದ ಆಸೆ.

ಮೇ ತಿಂಗಳ ಒಂದು ಮಧ್ಯಾಹ್ನ ರಂಗ ಬಂದ.

ಮನೆಯ ಹಿಂದೆ ಇಪ್ಪತ್ತು ಹೆಜ್ಜೆ ಹುಲ್ಲು, ಅದರಾಚೆ ಜೌಗಿಗೆ ಸೇರುವ ಒಂದು ಕಾಲುವೆ. ದೋಣಿ ಹತ್ತಲು ಅಲ್ಲಿ ಹಲಗೆಯ ಒಂದು ಕಟ್ಟೆ. ಕಟ್ಟೆಯ ಪಕ್ಕ ಸರ್ಕಾರದವರು ನೆಟ್ಟ ಒಂದು ಫಲಕ. ಮೆಟ್ಟಿಲ ಮೇಲೆ ಬಾರದ ಕಾಗೆ ನೀರ ಹತ್ತಿರ ಬಂದೀತೇನೋ ಎಂದು ಅಜ್ಜಿ ಅಂದು ಅನ್ನದುಂಡೆಯನ್ನು ಕಟ್ಟೆಯ ತುದಿಯಲ್ಲಿಟ್ಟು ಚೊಂಬು ಬಡಿದಳು. ಉಂಡೆ ಉರುಳಿ ನೀರಿಗೆ ಬಿತ್ತು. ಕಪ್ಪು ನೀರಿನ ಮೇಲೆ ಬೆಳ್ಳಗೆ ತೇಲಿತು. ಅಷ್ಟರಲ್ಲಿ ನೀರಿನಲ್ಲಿದ್ದ ಒಂದು ಮರದ ತುಂಡು ತಾನಾಗಿ ಮುಂದೆ ಬಂದು, ಸದ್ದಿಲ್ಲದೆ ಬಾಯಿ ತೆರೆದು, ಉಂಡೆಯನ್ನು ಒಳಗೆ ಹಾಕಿಕೊಂಡು ಮುಚ್ಚಿತು. ನಮ್ಮ ಊಟದ ಮೇಜಿಗಿಂತ ಉದ್ದದ ಮೊಸಳೆ.

ನಾನು ಅಜ್ಜಿಯ ಸೆರಗು ಹಿಡಿದೆ. ಅಜ್ಜಿ ಹೆದರಲಿಲ್ಲ. ಶ್ರೀರಂಗಪಟ್ಟಣದ ಕಡೆ ಕಾವೇರಿಯ ಬಂಡೆಗಳ ಮೇಲೆ ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುವ ಮೊಸಳೆಗಳನ್ನು ನೋಡಿಕೊಂಡೇ ಬೆಳೆದವಳು. ನನ್ನನ್ನು ಎರಡು ಹೆಜ್ಜೆ ಹಿಂದಕ್ಕೆ ಎಳೆದುಕೊಂಡಳು, ಅಷ್ಟೇ.

"ತಿಂತು ಕಣ್ ಮಗ" ಎಂದಳು. ತಿಂಗಳಿಂದ ಕಾಣದ ಕಳೆ ಅವಳ ಮುಖದಲ್ಲಿತ್ತು. "ಹೆಂಗ್ ಮಲಗದೆ ನೋಡು, ಥೇಟ್ ನಮ್ಮ ರಂಗನಾಥಸ್ವಾಮಿ."

ಅಂದು ಅಜ್ಜಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಮೊಸಳೆಯ ಹೆಸರು ರಂಗ ಎಂದಾಯಿತು.

ಅಲ್ಲಿಂದ ಮುಂದೆ ಅದು ದಿನದ ಕೆಲಸ. ಅಪ್ಪ ಮಿಲ್ಲಿಗೆ ಹೋಗಿರುತ್ತಿದ್ದರು, ಅಮ್ಮ ಮುಂದಿನ ರೂಮಿನಲ್ಲಿ ಮಲಗಿರುತ್ತಿದ್ದಳು. ಮೊಸರು, ಉಪ್ಪು ಹಾಕಿ ಕಲಸಿದ ಅನ್ನದ ಒಂದು ಉಂಡೆ. ಚೊಂಬಿಗೆ ಸೌಟಿನಿಂದ ಮೂರು ಏಟು. ಮೊದಮೊದಲು ರಂಗ ಕಾಲುವೆಯ ಆಚೆ ದಡದಿಂದ ಬರುತ್ತಿದ್ದ. ಜೂನಿನ ಹೊತ್ತಿಗೆ ಸದ್ದಿಗೆ ಮೊದಲೇ ಕಟ್ಟೆಯ ಬಳಿ ಎರಡು ಕಣ್ಣು, ಎರಡು ಮೂಗಿನ ಹೊಳ್ಳೆ ಕಾಯುತ್ತಿದ್ದವು. ಅಜ್ಜಿ ಅವನಿಗೆ ಊರ ಸುದ್ದಿ ಹೇಳುತ್ತಿದ್ದಳು. ಮನೆಯೊಳಗೆ ಈಗ ಓಡಾಟ ಕಡಿಮೆಯಾಗಿತ್ತು. ಹೋಗುವ ಮಾತನ್ನೂ ಆಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಕಟ್ಟೆಯ ಫಲಕದ ಮುಂದೆ ನಿಂತು, "ಇದೇನಂತ ಬರ್ದವ್ರೆ ಮಗ?" ಎಂದು ಕೇಳಿದಳು.

ಫಲಕದಲ್ಲಿ ಮೂರೇ ಸಾಲು. ಮೊಸಳೆಗಳಿಗೆ ಆಹಾರ ಹಾಕಬಾರದು. ಹಾಕುವುದು ಅಪರಾಧ. ಮನುಷ್ಯರಿಗೂ ಅಪಾಯ, ಮೊಸಳೆಗಳಿಗೂ ಅಪಾಯ. ನಾನು ಮೂರನ್ನೂ ಮನಸ್ಸಿನಲ್ಲಿ ಓದಿಕೊಂಡೆ.

"ಹುಷಾರಾಗಿ ನಿಂತ್ಕೊಳ್ಳಿ, ಹಲಗೆ ಜಾರುತ್ತೆ ಅಂತ ಬರ್ದಿದೆ ಅಜ್ಜಿ."

"ನಿಜವೇ. ಪಾಚಿ ಕಟ್ಟದೆ" ಎಂದು ಅಜ್ಜಿ ಸೆರಗು ಎತ್ತಿ ಕಟ್ಟಿಕೊಂಡಳು.

ಕಾಲುವೆಯ ಆಚೆ ಎಡ್ನಾ ಎಂಬ ಒಬ್ಬ ಮುದುಕಿಯ ಮನೆ. ಆ ಕಡೆಯ ಮರ್ಯಾದೆಯಂತೆ ಮಕ್ಕಳೆಲ್ಲ ಅವರನ್ನು ಮಿಸ್ ಎಡ್ನಾ ಎನ್ನಬೇಕು. ಅಜ್ಜಿ ಎಡ್ನಮ್ಮ ಎಂದಳು. ಅವರಿಗೆ ಅದು ಇಷ್ಟವಾಗಿಬಿಟ್ಟಿತು. ವಾರದ ದಿನಗಳಲ್ಲಿ ಊರಿನ ಲಾಂಡ್ರಿಯಲ್ಲಿ ಕೆಲಸ, ಸಂಜೆ ತಿರುಗಿ ಬರುತ್ತಿದ್ದರು. ಅವರು ಆಡುವ ಎಳೆದೆಳೆದ ಇಂಗ್ಲಿಷನ್ನು ಅಂದು ಅಜ್ಜಿಗೆ ದಾಟಿಸುತ್ತಿದ್ದ ಹಾಗೆಯೇ ಇಲ್ಲೂ ಕನ್ನಡದಲ್ಲಿ ಬರೆಯುತ್ತೇನೆ. ಅವರಿಬ್ಬರ ನಡುವೆ ನಾನಿಲ್ಲದಿದ್ದರೂ ಮಾತು ನಿಲ್ಲುತ್ತಿರಲಿಲ್ಲ, ಅದು ಬೇರೆ. ಒಂದು ಸಂಜೆ ಎಡ್ನಮ್ಮ ಬಾಟಲಿಯಲ್ಲಿ ಕಬ್ಬಿನ ಪಾಕ ತಂದುಕೊಟ್ಟರು. ಅಜ್ಜಿ ಬೆರಳಲ್ಲಿ ನೆಕ್ಕಿ ಅಲ್ಲೇ ಕೂತುಬಿಟ್ಟಳು.

"ಜೋನಿ ಬೆಲ್ಲ ಕಣವ್ವ ಇದು. ಆಲೆಮನೇಲಿ ಕೊಪ್ಪರಿಗೆಯಿಂದ ಇಳಿಸ್ತಾ ಇರೋವಾಗ ಇಂಗೇ ಇರ್ತದೆ. ಕೇಳು ಎಡ್ನಮ್ಮನ್ನ, ಯಾರ್ ಕಾಸಿದ್ದು ಅಂತ."

ನಾನು ಕೇಳಿದೆ. "ನಮ್ಮಣ್ಣ" ಎಂದರು ಎಡ್ನಮ್ಮ. "ನವೆಂಬರಿನಲ್ಲಿ ಕಬ್ಬು ಅರೆದು ದೊಡ್ಡ ಕಡಾಯಿಯಲ್ಲಿ ಕಾಸ್ತೀವಿ. ನೊರೆ ತೆಗೆಯೋ ಕೆಲಸ ಹೆಂಗಸರದು."

"ನಮ್ಮಲ್ಲೂ ಅಂಗೇ. ಆದ್ರೆ ಇವರು ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಬೆಲ್ಲ ಆಗೋದು. ಅವಸರ ಮಾಡವ್ರೆ ಅನ್ನು."

ನಾನು ಅದನ್ನೂ ದಾಟಿಸಿದೆ. ಎಡ್ನಮ್ಮ ಬಿದ್ದು ಬಿದ್ದು ನಕ್ಕರು. "ಅಣ್ಣನಿಗೆ ಹೇಳ್ತೀನಿ, ಇಂಡಿಯಾದಿಂದ ಒಬ್ಬ ಇನ್ಸ್‌ಪೆಕ್ಟರು ಬಂದಿದ್ದಾರೆ ಅಂತ."

ಜೂನ್ ಕೊನೆಯ ಒಂದು ಭಾನುವಾರ ಅವರು ನನ್ನನ್ನೂ ಅಜ್ಜಿಯನ್ನೂ ಚಪ್ಪಟೆ ತಳದ ದೋಣಿಯಲ್ಲಿ ಜೌಗಿನೊಳಕ್ಕೆ ಕರೆದುಕೊಂಡು ಹೋದರು. ಗಳ ಊರಿ ತಳ್ಳುತ್ತ ನಿಂತೇ ನಡೆಸುತ್ತಿದ್ದರು. ಎರಡೂ ಕಡೆ ನೀರಿನೊಳಗಿಂದಲೇ ಎದ್ದ ಸೈಪ್ರೆಸ್ ಮರಗಳು, ಬುಡ ಊದಿಕೊಂಡು ಬಾಟಲಿಯ ಆಕಾರ. ಕೊಂಬೆಗಳಿಂದ ಜಟೆಯ ಹಾಗೆ ಇಳಿಬಿದ್ದ ಬೂದು ಬಣ್ಣದ ಬಳ್ಳಿ. "ತಲೆ ಬಾಚದೆ ಎಷ್ಟ್ ದಿನ ಆಯ್ತೋ ಇವಕ್ಕೆ" ಎಂದಳು ಅಜ್ಜಿ. ಸ್ವಲ್ಪ ದೂರ ಹೋದ ಮೇಲೆ ಮರ ಮುಗಿದು ಬಯಲು ತೆರೆದುಕೊಂಡಿತು. ನೈದಿಲೆ ಎಲೆ, ಹುಲ್ಲು, ಹುಳು ಹಿಡಿದು ತಿನ್ನುವ ಹೂಜಿಯಾಕಾರದ ಗಿಡಗಳು. ನಾನು ಒಂದು ಹೂಜಿಯೊಳಗೆ ಇಣುಕಿದೆ, ತಳದಲ್ಲಿ ನೊಣದ ರೆಕ್ಕೆಗಳಿದ್ದವು. ಕೆಂಪು ನೆತ್ತಿಯ ಎತ್ತರದ ಕೊಕ್ಕರೆಗಳೆರಡು ಮರಿಯೊಂದನ್ನು ನಡುವೆ ಬಿಟ್ಟುಕೊಂಡು ನಡೆಯುತ್ತಿದ್ದವು. ನಮ್ಮನ್ನು ಕಂಡು ಗಂಟಲೊಳಗೆ ಡೋಲು ಬಡಿದ ಹಾಗೆ ಕೂಗಿ ಹಾರಿದವು.

ಅಲ್ಲೇ ಇಳಿದು ಕುಪ್ಪಳಿಸಿ ತೋರಿಸಿದ್ದು ಎಡ್ನಮ್ಮ. ಕೊಳೆತ ಎಲೆ, ಬೇರುಗಳ ದಪ್ಪ ಮೆತ್ತೆ ನೀರಿನ ತಳದಿಂದ ಎದ್ದು ತೇಲುತ್ತದೆಯಂತೆ, ಅದರ ಮೇಲೆ ಹುಲ್ಲು ಹುಟ್ಟುತ್ತದೆ, ಗಿಡ ಹುಟ್ಟುತ್ತದೆ, ಕೊನೆಗೆ ಮರವೂ. ನಡುಗುವ ನೆಲ ಎಂದೇ ಅಲ್ಲಿದ್ದ ಮೂಲನಿವಾಸಿಗಳು ಹೆಸರಿಟ್ಟರಂತೆ. ಅವರನ್ನು ಓಡಿಸಿ ಎಡ್ನಮ್ಮನ ಹಿರಿಯರು ಬಂದರು. ಎಡ್ನಮ್ಮನ ತಂದೆ ಹುಟ್ಟಿದ್ದು ಜೌಗಿನ ನಡುವಿನ ಒಂದು ದ್ವೀಪದಲ್ಲಿ. ನೆರೆಮನೆ ಎಂದರೆ ಮೈಲಿಗಟ್ಟಲೆ ನೀರಿನಾಚೆ. ಅದಕ್ಕೇ ಒಂದೊಂದು ಮನೆಗೂ ಒಂದೊಂದು ಕೂಗು. ಸಂಜೆ ಕೆಲಸ ಮುಗಿಸಿ ಕೂಗಿದರೆ, ಇವತ್ತು ಇಂಥವರು ಸುಖವಾಗಿದ್ದಾರೆ ಎಂದು ಉಳಿದವರಿಗೆ ತಿಳಿಯುತ್ತಿತ್ತು. ಆಮೇಲೆ ಕಂಪನಿಯೊಂದು ಬಂದು, ಇಡೀ ಜೌಗಿನ ನೀರು ಬಸಿದು ಗದ್ದೆ ಮಾಡುತ್ತೇವೆಂದು ಕಾಲುವೆ ತೋಡಿತು. ತೋಡಿದ ದಡ ಜಾರಿ ಮತ್ತೆ ಒಳಗೇ ಬಿತ್ತು. ನೀರು ಇಳಿಯಲಿಲ್ಲ, ಕಂಪನಿಯೇ ಮುಳುಗಿತು. ಅದಾದ ಮೇಲೆ ಬಂದವರು ನೀರಿನ ಮೇಲೆ ಕಂಬ ನೆಟ್ಟು ರೈಲು ಹಾಕಿ ಹಳೆಯ ಸೈಪ್ರೆಸ್ ಮರಗಳನ್ನು ಕಡಿದು ಸಾಗಿಸಿದರು. ಕೊನೆಗೆ ಸರ್ಕಾರ ಇದನ್ನು ಪ್ರಾಣಿಪಕ್ಷಿಗಳಿಗೆ ಬಿಟ್ಟ ಜಾಗ ಎಂದಿತು. ದ್ವೀಪದ ಮನೆಗಳು ಖಾಲಿಯಾದವು.

ದಡದ ಮೇಲೆ ಮಲಗಿದ್ದ ಮೊಸಳೆಯೊಂದು ನಮ್ಮ ದೋಣಿ ಕಂಡದ್ದೇ ಜಾರಿ ನೀರಿಗಿಳಿದು ಮಾಯವಾಯಿತು. ಎಡ್ನಮ್ಮ ಗಳ ಊರಿ ನಿಂತರು.

"ಹಿಂಗಿರ್ಬೇಕು" ಎಂದರು. "ನಮ್ಮನ್ನ ಕಂಡ್ರೆ ಹೋಗ್ಬೇಕು. ನಮ್ಮಪ್ಪ ಮೀನು ಹಿಡಿದ, ಜೇನು ಕಿತ್ತ, ಇವುಗಳ ಚರ್ಮಾನೂ ಮಾರಿದ. ಆದ್ರೆ ಯಾವತ್ತೂ ಊಟ ಹಾಕ್ಲಿಲ್ಲ. ಹಾಕಿದ್ರೆ ಅದು ಹೆದರೋದನ್ನ ಮರೆಯುತ್ತೆ, ಮನುಷ್ಯರ ಹತ್ರ ಬರುತ್ತೆ. ಹತ್ರ ಬಂದಿದ್ದನ್ನ ಕೊಲ್ಲಲೇಬೇಕು. ಅಜ್ಜಿಗೆ ಹೇಳು ಮರಿ."

"ಏನಂದ್ರು?" ಅಜ್ಜಿ ನನ್ನ ಮುಖ ನೋಡಿದಳು.

ದೋಣಿಯ ಅಂಚಿನಲ್ಲಿ ನೀರು ಲೊಚಗುಟ್ಟುತ್ತಿತ್ತು. ಆ ನೀರಿನಲ್ಲಿ ನನ್ನ ಮುಖ, ಅಜ್ಜಿಯ ಮುಖ ಎರಡೂ ಕಾಣುತ್ತಿದ್ದವು. "ಅವರಪ್ಪ ಜೇನು ಕೀಳ್ತಿದ್ರಂತೆ" ಎಂದೆ.

"ಓಹೋ" ಎಂದು ಅಜ್ಜಿ ಎಡ್ನಮ್ಮನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದಳು. ಎಡ್ನಮ್ಮನೂ ತಲೆಯಾಡಿಸಿದರು. ಮಾತು ತಲುಪಿತು ಎಂದುಕೊಂಡರು.

ಜುಲೈ ಮೊದಲ ವಾರ ತಮ್ಮ ಹುಟ್ಟಿದ. ಆ ವರ್ಷ ಮಳೆ ಬರಲಿಲ್ಲ. ಕಾಲುವೆಯ ನೀರು ದಿನದಿನಕ್ಕೂ ಇಳಿಯುತ್ತಿತ್ತು, ಕಟ್ಟೆಯ ಕಂಬಗಳ ಮೇಲೆ ಕಪ್ಪು ಗೆರೆಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಜೌಗಿನೊಳಗೆ ಎಲ್ಲೋ ಆ ಕೊಳೆತ ಎಲೆ, ಬೇರುಗಳ ಮೆತ್ತೆಗೇ ಬೆಂಕಿ ಬಿದ್ದು, ಉರಿಯಿಲ್ಲದೆ ನೆಲದಡಿಯಲ್ಲೇ ಸುಡುತ್ತಿದೆ ಎನ್ನುತ್ತಿದ್ದರು. ಒಗೆದು ಹಾಕಿದ ತಮ್ಮನ ಬಟ್ಟೆಗಳಿಗೆಲ್ಲ ಹೊಗೆಯ ವಾಸನೆ. ಅಪ್ಪನ ಕಾಂಟ್ರ್ಯಾಕ್ಟಿನ ಕಾಗದ ಇನ್ನೂ ಬಂದಿರಲಿಲ್ಲ, ಅವರು ದಿನಕ್ಕೆರಡು ಸಲ ಟಪಾಲು ಡಬ್ಬಿ ತೆರೆದು ನೋಡುತ್ತಿದ್ದರು. ತಮ್ಮ ಅಳುತ್ತಿದ್ದ. ನೀರು ತಗ್ಗಿದಷ್ಟೂ ರಂಗ ದಡದ ಮೇಲೆ ಕಾಯತೊಡಗಿದ. ಮೊದಲು ಕಟ್ಟೆಯ ಕೆಳಗಿನ ಕೆಸರಿನಲ್ಲಿ, ಆಮೇಲೆ ಹುಲ್ಲಿನ ಅಂಚಿನಲ್ಲಿ. ಅಜ್ಜಿ ಉಂಡೆಯನ್ನು ಅಲ್ಲಿಗೇ ಎಸೆಯುತ್ತಿದ್ದಳು. "ಪಾಪ, ಅವ್ನಿಗೂ ನೀರಿಲ್ಲ" ಎನ್ನುತ್ತಿದ್ದಳು. ಹೇಳಿಬಿಡಲೇ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಅಜ್ಜಿಯ ತಟ್ಟೆ ಮತ್ತೆ ಹಾಗೇ ಉಳಿಯುತ್ತದೆ, ಮತ್ತೆ ಅವಳು ಬಾಗಿಲಿಂದ ಬಾಗಿಲಿಗೆ ನಡೆಯುತ್ತಾಳೆ ಎಂದು ಸುಮ್ಮನಾಗುತ್ತಿದ್ದೆ.

ಆಗಸ್ಟಿನ ಒಂದು ಶನಿವಾರ. ಅಪ್ಪ ಗ್ರೋಸರಿಗೆ ಹೋಗಿದ್ದರು. ಎಡ್ನಮ್ಮ ತಂದುಕೊಟ್ಟಿದ್ದ ಹಸಿ ಕಡಲೆಕಾಯಿ ಉಪ್ಪು ನೀರಿನಲ್ಲಿ ಬೇಯುತ್ತಿತ್ತು, ಮನೆಯೆಲ್ಲ ಸಂತೆಯ ವಾಸನೆ. ಅಮೆರಿಕದ ಬಾತ್‌ರೂಮಿನಲ್ಲಿ ಕಾಲು ನೀಡಿ ಕೂರಲು ಜಾಗವಿಲ್ಲವೆಂದು ಅಜ್ಜಿ ಮಗುವಿಗೆ ಹಿತ್ತಲ ಹುಲ್ಲಿನ ಮೇಲೇ ನೀರು ಹಾಕುತ್ತಿದ್ದಳು. ಮಣೆಯ ಮೇಲೆ ಕೂತು, ಎರಡೂ ಕಾಲು ಜೋಡಿಸಿ ನೀಡಿ, ಕಾಲುಗಳ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು, ಮೈಯೆಲ್ಲ ಹರಳೆಣ್ಣೆ ತಿಕ್ಕಿ. ಪಕ್ಕದಲ್ಲಿ ಎಡ್ನಮ್ಮ ಕೊಟ್ಟಿದ್ದ ತಗಡಿನ ತೊಟ್ಟಿಯಲ್ಲಿ ಬಿಸಿನೀರು. ಅಂದು ಬೆಳಿಗ್ಗೆ ಪ್ಲಾಸ್ಟಿಕ್ ಮಗ್ಗಿನ ಹಿಡಿ ಮುರಿದಿತ್ತು. ಅಜ್ಜಿ ಅಡುಗೆಮನೆಯಿಂದ ಹಿತ್ತಾಳೆ ಚೊಂಬು ತರಿಸಿದಳು. ತಂದುಕೊಟ್ಟವಳು ನಾನೇ.

ಚೊಂಬು ತೊಟ್ಟಿಯ ಅಂಚಿಗೆ ತಗುಲಿ ಟಣ್ ಎಂದಿತು. ಇನ್ನೊಂದು ಸಲ ಮೊಗೆದಾಗ ಇನ್ನೊಂದು ಸಲ. ಮೂರನೆಯ ಸಲ ನಾನು ತಲೆ ಎತ್ತಿದೆ. ರಂಗ ಹುಲ್ಲಿನ ಮೇಲೆ ನಡೆದು ಬರುತ್ತಿದ್ದ. ಹೊಟ್ಟೆ ನೆಲ ಬಿಟ್ಟು ಮೇಲೆದ್ದಿತ್ತು, ನಾಲ್ಕೂ ಕಾಲುಗಳ ಮೇಲೆ ಎತ್ತರವಾಗಿ, ಅವಸರವಿಲ್ಲದೆ, ಊಟಕ್ಕೆ ಕರೆದವರ ಮನೆಗೆ ಬರುವ ನೆಂಟನ ಹಾಗೆ. ಅಜ್ಜಿಯ ಬೆನ್ನು ಕಾಲುವೆಯ ಕಡೆಗಿತ್ತು.

ಆಗ ಕಾಲುವೆಯಾಚೆಯಿಂದ ಆ ಕೂಗು ಬಂತು. ಬಟ್ಟೆ ಒಣಹಾಕುತ್ತಿದ್ದ ಎಡ್ನಮ್ಮ ಕತ್ತೆತ್ತಿ ಕೂಗಿದ್ದು. ಅದು ಮಾತಲ್ಲ, ಏರಿ ಇಳಿದು ಮತ್ತೆ ಏರುವ, ನೀರು ದಾಟಲೆಂದೇ ಮಾಡಿದ ಒಂದು ಸ್ವರ. ಅಜ್ಜಿ ತಿರುಗಿ ನೋಡಿದಳು. ಒಂದು ಕೈಯಲ್ಲಿ ಎಣ್ಣೆ ಜಾರುವ ಮಗುವನ್ನು ಎದೆಗವಚಿಕೊಂಡು, ಇನ್ನೊಂದು ಕೈಯಿಂದ ನನ್ನ ರಟ್ಟೆ ಹಿಡಿದು, ಆ ವಯಸ್ಸಿನಲ್ಲಿ ಹೇಗೆ ಎದ್ದಳೋ, ಮೆಟ್ಟಿಲು ಹತ್ತಿ ಬಾಗಿಲು ಹಾಕಿದಳು.

ಜಾಲರಿಯೊಳಗಿಂದ ನೋಡಿದೆವು. ರಂಗ ಮಣೆಯ ತನಕ ಬಂದ. ಉರುಳಿಬಿದ್ದಿದ್ದ ಚೊಂಬಿನ ಮುಂದೆ ನಿಂತು ಬಾಯಿ ತೆರೆದ. ಹಾಗೇ ತೆರೆದುಕೊಂಡು ಕಾದ.

ಸಂಜೆ ನಮ್ಮ ನಡುಮನೆಯಲ್ಲಿ ಎಡ್ನಮ್ಮ ಅಪ್ಪನಿಗೆ ಹೇಳಿದರು, "ಇದಕ್ಕೆ ಯಾರೋ ಊಟ ಹಾಕಿ ಅಭ್ಯಾಸ ಮಾಡಿಸಿದ್ದಾರೆ." ಅಪ್ಪ ನನ್ನನ್ನು ನೋಡಿದರು. ನಾನು ಅಮ್ಮನ ರೂಮಿನೊಳಕ್ಕೆ ಸರಿದೆ. ಅಪ್ಪ ವನ್ಯಜೀವಿ ಇಲಾಖೆಗೆ ಫೋನು ಮಾಡಿದರು. ಸೋಮವಾರ ಇಬ್ಬರು ಉದ್ದ ಕೋಲು, ಹಗ್ಗದ ಕುಣಿಕೆ ಹಿಡಿದು ಬಂದರು. ರಂಗ ಸಿಗಲಿಲ್ಲ. ಹೊಸಬರ ಸದ್ದಿಗೆ ಕಾಲುವೆಯ ಕೆಸರಿನಲ್ಲಿ ಹೂತುಕೊಂಡುಬಿಟ್ಟಿದ್ದ. ಮಂಗಳವಾರವೂ ಸಿಗಲಿಲ್ಲ. ಕಾಲುವೆಯ ಕೆಳಗಿನ ಮನೆಗಳಲ್ಲಿ ಬೇರೆ ಮಕ್ಕಳೂ ಇದ್ದರು.

"ಹಿಡ್ಕೊಂಡೋಗಿ ಎಲ್ ಬಿಡ್ತಾರೆ ಅಳಿಯಂದ್ರೆ?" ಅಜ್ಜಿ ಬಾಗಿಲ ಮರೆಯಿಂದ ಕೇಳಿದಳು.

"ದೂರದಲ್ಲಿ ದೊಡ್ಡ ನೀರು ಇರೋ ಕಡೆ ಬಿಡ್ತಾರಂತೆ ಅತ್ತೆ" ಎಂದರು ಅಪ್ಪ, ಟಪಾಲು ನೋಡುತ್ತ.

ಬುಧವಾರ ಬೆಳಿಗ್ಗೆ ನಾನು ಹೋಗಿ ಆ ಇಬ್ಬರಲ್ಲಿ ಹಿರಿಯನನ್ನು ಕೇಳಿದೆ. ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. "ಕೈ ಊಟದ ರುಚಿ ಹತ್ತಿದ್ದನ್ನ ಎಲ್ಲೂ ಬಿಡೋಕಾಗಲ್ಲ ಮರಿ. ಎಲ್ಲಿ ಬಿಟ್ರೂ ಮನುಷ್ಯರನ್ನ ಹುಡುಕ್ಕೊಂಡು ಬರುತ್ತೆ."

ಅಜ್ಜಿ ಮೆಟ್ಟಿಲ ಮೇಲೆ ಅವರೆಬೇಳೆ ಆರಿಸುತ್ತ ಕೂತಿದ್ದಳು. "ಏನಂದ ಅವ್ನು?" ಎಂದಳು.

ಎಲ್ಲ ಹೇಳಿದೆ. ಮೊದಲು ಇವನು ಅಂದದ್ದು. ಆಮೇಲೆ ದೋಣಿಯಲ್ಲಿ ಎಡ್ನಮ್ಮ ಅಂದದ್ದು. ಆಮೇಲೆ ಫಲಕದ ಮೂರು ಸಾಲು. ಅಜ್ಜಿಯ ಬೆರಳು ಮೊರದಲ್ಲಿ ನಿಂತುಬಿಟ್ಟಿತು.

"ಓದಕ್ಕೆ ಬರ್ತಿತ್ತಲ್ಲ ಮಗ ನಿಂಗೆ. ಯಾಕ್ ಹೇಳ್ಲಿಲ್ಲ?"

"ನೀನು ಊಟ ಬಿಡ್ತೀಯ ಅಂತ. ಊರಿಗೆ ಹೋಗ್ಬಿಡ್ತೀಯ ಅಂತ."

ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ಹೋಗೋಳು ಎಂಗಿದ್ರೂ ಹೋಯ್ತಿದ್ದೆ ಕಣ್ ಮಗ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಒಳಗೆ ಹೋಗಿ ಒಲೆ ಹಚ್ಚಿದಳು. ಅನ್ನಕ್ಕಿಟ್ಟಳು. ಬೆಂದ ಮೇಲೆ ತಟ್ಟೆಯಲ್ಲಿ ಹರಡಿ ಆರಿಸಿ, ಮೊಸರು, ಉಪ್ಪು ಹಾಕಿ, ಎಂದಿನ ಒಂದು ಉಂಡೆಯಲ್ಲ, ಮೂರು ಉಂಡೆ ಕಟ್ಟಿದಳು. ಚೊಂಬು, ಸೌಟು ತೆಗೆದುಕೊಂಡು ಕಟ್ಟೆಗೆ ನಡೆದಳು. ಅಮ್ಮ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದು, "ಬೇಡ ಕಣವ್ವ, ನೀನ್ಯಾಕೆ? ಅವರೇ ಹಿಡ್ಕೊತಾರೆ" ಎಂದಳು.

"ಅವರ್ ಕರೆದ್ರೆ ಅದು ಬತ್ತದಾ? ಅದಕ್ಕೆ ಕಲಿಸ್ದೋಳು ನಾನು" ಎಂದಳು ಅಜ್ಜಿ, ತಿರುಗಿ ನೋಡದೆ. "ನಾಳೀಕೆ ಇನ್ಯಾರ್ದೋ ಮಗೀನ ಹತ್ರ ಹೋದ್ರೆ?"

ಕುಣಿಕೆ ಹಿಡಿದವರು ಮುಂದೆ ಬಂದರು. ಅಜ್ಜಿ ಕೈಯಡ್ಡ ಹಿಡಿದು ನಿಲ್ಲಿಸಿ ನನಗೆ ಹೇಳಿದಳು, "ಅವ್ರಿಗೆ ಹೇಳು. ಕರೆದ ಮೇಲೆ ಉಣ್ಣಿಸ್ದೆ ಕಳ್ಸಕಾಗಕಿಲ್ಲ. ಉಂಡಾದ ಮೇಲೆ."

ಈ ಸಲ ಒಂದು ಮಾತೂ ಬಿಡದೆ ದಾಟಿಸಿದೆ. ಹಿರಿಯ ನನ್ನನ್ನು ನೋಡಿ, ಅಜ್ಜಿಯನ್ನು ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಮೂರು ಏಟು. ಕೆಸರು ಅಲುಗಿತು. ಎರಡು ಕಣ್ಣು ಎದ್ದವು. ರಂಗ ಮೈಗಂಟಿದ ಎಲೆಗಳ ಸಮೇತ ಎಂದಿನ ಜಾಗಕ್ಕೆ ಬಂದು ಬಾಯಿ ತೆರೆದ. ಅಜ್ಜಿ ಒಂದು ಎಸೆದಳು, ಅವನು ನುಂಗುವ ತನಕ ನಿಂತಳು, ಇನ್ನೊಂದು ಎಸೆದಳು. ಮೂರನೆಯದನ್ನು ಎಸೆದು, ನನ್ನ ತಲೆಯನ್ನು ತನ್ನ ಸೀರೆಯೊಳಗೆ ಒತ್ತಿಕೊಂಡಳು. ಹರಳೆಣ್ಣೆ, ಹೊಗೆ, ಮೊಸರಿನ ವಾಸನೆ. ನೀರು ಬಡಿದಾಡಿದ ಸದ್ದು ಕೇಳಿತು, ಗಂಡಸರ ಉಸಿರು ಕೇಳಿತು, ಟ್ರಕ್ಕಿನ ಹಿಂಬಾಗಿಲು ಮುಚ್ಚಿದ್ದು ಕೇಳಿತು.

ಅಜ್ಜಿ ಅಕ್ಟೋಬರ್ ತನಕ ಇದ್ದಳು. ಬಾಣಂತನದಲ್ಲಿ ಒಂದು ಕೊರತೆಯನ್ನೂ ಮಾಡಲಿಲ್ಲ. ನನ್ನ ಜೊತೆ ಅಳಗುಳಿಮಣೆಯನ್ನೂ ಆಡಿದಳು. ಆದರೆ ಆ ಮನೆಯಲ್ಲಿ ಮತ್ತೆಂದೂ ತುತ್ತು ತೆಗೆದಿಡಲಿಲ್ಲ. ಎಲ್ಲರಂತೆ ತಟ್ಟೆಯ ಮುಂದೆ ಕೂತು ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಹೊರಡುವ ದಿನ ಸೂಟ್‌ಕೇಸಿನಲ್ಲಿ ಜಾಗವಿದ್ದರೂ ಚೊಂಬನ್ನು ಅಲ್ಲೇ ಬಿಟ್ಟಳು. ಅಪ್ಪನ ಕಾಂಟ್ರ್ಯಾಕ್ಟು ಮುಂದುವರಿಯಲಿಲ್ಲ. ಕ್ರಿಸ್‌ಮಸ್ಸಿಗೆ ಮೊದಲು ನಾವು ಇನ್ನೊಂದು ಊರಿಗೆ ಹೋದೆವು, ಆಮೇಲೆ ಮತ್ತೊಂದಕ್ಕೆ. ಹೊರಟ ದಿನ ಎಡ್ನಮ್ಮ ಕಾಲುವೆಯಾಚೆ ನಿಂತು ಒಂದು ಸಲ ಕೂಗಿದರು.

ತಮ್ಮ ಈಗ ಡ್ಯಾನ್‌ವಿಲ್‌ನಲ್ಲಿದ್ದಾನೆ. ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕುಗಳಲ್ಲಿ ಈ ಕಥೆಯನ್ನು ಚೆನ್ನಾಗಿ ಹೇಳುತ್ತಾನೆ, "ಐ ವಾಸ್ ಆಲ್ಮೋಸ್ಟ್ ಬ್ರೇಕ್‌ಫಾಸ್ಟ್" ಎಂದು ಶುರು ಮಾಡಿ. ಅವನ ಕಥೆಯಲ್ಲಿ ಫಲಕವಿಲ್ಲ, ಉಂಡೆಗಳಿಲ್ಲ. ನಾನು ತಿದ್ದಿಲ್ಲ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಎಡ್ನಮ್ಮನ ಮನೆಯಿದ್ದ ಕಡೆ ಈಗ ಪಾರ್ಕಿಂಗ್ ಇದೆಯೆಂದು ಆ ಕಡೆ ಹೋಗಿಬಂದ ಗೆಳತಿ ಫೋಟೋ ಕಳಿಸಿದ್ದಳು. ಜೌಗು ಇದೆ, ಅದನ್ನು ಬಸಿಯಲು ಯಾರಿಂದಲೂ ಆಗಲಿಲ್ಲ. ಆದರೆ ಸಂಜೆ ಹೊತ್ತು ನೀರಿನಾಚೆಗೆ ಕೂಗಿ ತಾವು ಸುಖವಾಗಿದ್ದೇವೆ ಎನ್ನುವವರು ಈಗ ಅಲ್ಲಿ ಯಾರೂ ಇಲ್ಲ. ಚೊಂಬು ನನ್ನ ಬಳಿ ಇದೆ. ಅದರಲ್ಲಿ ಸೌಟುಗಳನ್ನು ನಿಲ್ಲಿಸಿಟ್ಟಿದ್ದೇನೆ, ತೆಗೆಯುವಾಗ ಸದ್ದಾಗದ ಹಾಗೆ ತಳಕ್ಕೆ ಬಟ್ಟೆ ಹಾಸಿ. "ವೈ ದ ಕ್ಲಾತ್, ಅಮ್ಮಾ?" ಎಂದು ಮಗಳು ಒಮ್ಮೆ ಕೇಳಿದಳು. "ಚೊಂಬು ಸವೀಬಾರ್ದು ಅಂತ" ಎಂದೆ. ಮಾತು ಬದಲಿಸಿ ಹೇಳುವ ಆ ಅಭ್ಯಾಸ ಪೂರ್ತಿ ಹೋಗಿಲ್ಲ ನೋಡಿ. ಉಣ್ಣುವ ಮೊದಲು ತಟ್ಟೆಯ ಅಂಚಿನಲ್ಲಿ ಒಂದು ತುತ್ತು ತೆಗೆದಿಡುತ್ತೇನೆ. ಊಟ ಮುಗಿದ ಮೇಲೆ ಅದನ್ನು ಕಾಂಪೋಸ್ಟ್ ಡಬ್ಬಿಗೆ ಹಾಕುತ್ತೇನೆ.

ಕಳೆದ ತಿಂಗಳು ಹಾಸನದಿಂದ ನಮ್ಮ ಅತ್ತೆ, ನನ್ನ ಗಂಡನ ತಾಯಿ, ಬಂದಿದ್ದಾರೆ. ಮನೆಯಲ್ಲಿ ಕೂರಲಾರರು, ಒಂದೇ ಸಮ ಓಡಾಟ. ಮೊನ್ನೆ ಅವರನ್ನು ಕೊಲ್ಲಿಯ ಅಂಚಿನ ಉಪ್ಪುನೀರಿನ ಜೌಗಿಗೆ ವಾಕಿಂಗ್ ಕರೆದುಕೊಂಡು ಹೋದೆ. ಕರವಸ್ತ್ರದಲ್ಲಿ ಅವರು ಬೆಳಗಿನ ಚಪಾತಿ ಸುತ್ತಿಕೊಂಡು ಬಂದದ್ದು ನನಗೆ ಗೊತ್ತಿರಲಿಲ್ಲ. ದಾರಿಯ ತಿರುವಿನಲ್ಲಿ ಒಂದು ಫಲಕದ ಮುಂದೆ ನಿಂತು, "ಇದ್ರಲ್ಲಿ ಏನ್ ಬರ್ದಿದೆ?" ಎಂದರು.

ಓದಿ ಹೇಳಿದೆ, ಮೇಲಿಂದ ಕೆಳಗಿನ ತನಕ, ಒಂದು ಸಾಲನ್ನೂ ಬಿಡದೆ.

ಅತ್ತೆ ಚಪಾತಿಯನ್ನು ಮತ್ತೆ ಮಡಿಸಿ ಚೀಲದೊಳಗೆ ಹಾಕಿಕೊಂಡರು. ನೀರಿನಲ್ಲಿ ನೂರಾರು ಹಕ್ಕಿಗಳು ನಿಂತಿದ್ದವು. ಒಂದೂ ನಮ್ಮ ಕಡೆ ತಿರುಗಿ ನೋಡಲಿಲ್ಲ.